ನಡೆದಾಡುವ ಉಪನಗರ: ಎಲ್ಲಿಯವರೆಗೆ?

ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದ ಉಪನಗರಗಳು ಕಾರನ್ನೇ ನಂಬಿ ಬೆಳೆದವು. ಮನೆ ಒಂದು ಕಡೆ, ಅಂಗಡಿ ಇನ್ನೊಂದು ಕಡೆ, ಕಚೇರಿ ಮತ್ತೆಲ್ಲೋ. ಹಾಲು ತರಲೂ ಕಾರು ಹತ್ತಬೇಕು. ಕಾರು ಓಡಿಸಲಾಗದ ಮಕ್ಕಳು, ಮುದುಕರು ಮನೆಯಲ್ಲೇ ಉಳಿಯಬೇಕು. ಇಂಥ ಊರುಗಳನ್ನು ತಿದ್ದುವ ಬಗೆಯನ್ನು ಚರ್ಚಿಸುವ ಗ್ರಂಥ ಎಲೆನ್ ಡನ್‌ಹಮ್-ಜೋನ್ಸ್ ಮತ್ತು ಜೂನ್ ವಿಲಿಯಮ್ಸನ್ ಅವರ 'ರೆಟ್ರೋಫಿಟಿಂಗ್ ಸಬರ್ಬಿಯಾ'. ಇದರ ಪರಿಷ್ಕೃತ ಆವೃತ್ತಿ 2011ರಲ್ಲಿ ಬಂದಿತು. ಲೇಖಕಿಯರಿಬ್ಬರೂ ವಾಸ್ತುಶಿಲ್ಪದ ಪ್ರಾಧ್ಯಾಪಕಿಯರು. ಬರಿಯ ಆದರ್ಶ ಹೇಳದೆ, ಕಟ್ಟಿ ಮುಗಿಸಿದ ಕೆಲಸಗಳನ್ನೇ ಮುಂದಿಡುವುದು ಪುಸ್ತಕದ ದೊಡ್ಡ ಗುಣ.

ಅವುಗಳಲ್ಲಿ ಮುಖ್ಯವಾದುದು ಕೊಲೊರಾಡೊ ರಾಜ್ಯದ ಲೇಕ್‌ವುಡ್‌ನ ಬೆಲ್ಮಾರ್. 1966ರಲ್ಲಿ ಅಲ್ಲಿ 'ವಿಲ್ಲಾ ಇಟಾಲಿಯಾ' ಎಂಬ ಮಾಲ್ ತೆರೆದಿತ್ತು. ಸುತ್ತ ಕಾರು ನಿಲ್ದಾಣದ ಡಾಂಬರು ಬಯಲು. 2001ರಲ್ಲಿ ಅದು ಮುಚ್ಚಿತು. ಆ 104 ಎಕರೆಯನ್ನು 22 ಚೌಕಗಳಾಗಿ ಒಡೆದು, ನಡುವೆ ಬೀದಿಗಳನ್ನು ಹಾಯಿಸಿ, ಕೆಳಗೆ ಅಂಗಡಿ, ಮೇಲೆ ಮನೆ, ಪಕ್ಕದಲ್ಲಿ ಕಚೇರಿ ಎಂಬಂತೆ ಕಟ್ಟಲಾಯಿತು. 2004ರಲ್ಲಿ ಹೊಸ ಪೇಟೆ ತೆರೆಯಿತು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಐದು ನಿಮಿಷದ ನಡಿಗೆಯೆಂದರೆ ಸುಮಾರು 400 ಮೀಟರ್. ಆ ತ್ರಿಜ್ಯದ ವೃತ್ತದ ವಿಸ್ತೀರ್ಣ 50 ಹೆಕ್ಟೇರ್. ಆದರೆ ನಾವು ಹಕ್ಕಿಗಳಲ್ಲ, ಬೀದಿ ಹಿಡಿದೇ ಹೋಗಬೇಕು. ಚೌಕುಳಿ ಬೀದಿಗಳಲ್ಲಿ 400 ಮೀಟರ್ ನಡೆದು ತಲುಪಬಲ್ಲ ಪ್ರದೇಶ 800 ಮೀಟರ್ ಕರ್ಣದ ಚೌಕ, ಅಂದರೆ 32 ಹೆಕ್ಟೇರ್. (ಗ್ರಾಫ್ ಹಾಳೆಯ ಮೇಲೆ ವಿದ್ಯಾರ್ಥಿಗಳಿಂದ ಮಾಡಿಸಲು ಒಳ್ಳೆಯ ಅಭ್ಯಾಸ.) ಅಲ್ಲಿ ಬೀದಿಯ ದೂರ ನೇರ ದೂರದ 1.41 ಪಟ್ಟನ್ನು ಹೆಚ್ಚುಕಡಿಮೆ ಮೀರದು. ಉಪನಗರದ ಮುಂದೆ ದಾರಿಯಿಲ್ಲದ ಬೀದಿಗಳಲ್ಲಾದರೋ ಈ ಅನುಪಾತಕ್ಕೆ ಮಿತಿಯೇ ಇಲ್ಲ. ಬೆನ್ನಿಗೆ ಬೆನ್ನು ತಾಗಿದ ಎರಡು ಮನೆಗಳ ನಡುವೆ ಒಂದು ಕಿಲೋಮೀಟರ್ ದಾರಿ ಇರಬಹುದು.

ಬೆಲ್ಮಾರ್‌ನ 104 ಎಕರೆ ಎಂದರೆ 42 ಹೆಕ್ಟೇರ್. ಹೆಚ್ಚುಕಡಿಮೆ ಒಂದೇ ನಡಿಗೆಯ ಪ್ರದೇಶ! ನಡುವಿನಿಂದ ಹೊರಟರೆ ಆರೇಳು ನಿಮಿಷದಲ್ಲಿ ಅಂಚು ಸಿಗುತ್ತದೆ. ಅಲ್ಲಿ ಎದುರಾಗುವುದು ವಾಡ್ಸ್‌ವರ್ತ್ ಮತ್ತು ಅಲಮೇಡಾ ಎಂಬ ವಾಹನ ತುಂಬಿದ ಹೆದ್ದಾರಿಗಳು. ಲೇಕ್‌ವುಡ್‌ಗೆ 2013ರಲ್ಲಿ ಬಂದ ಲಘು ರೈಲು ಹಾದುಹೋಗುವುದು ಸುಮಾರು 3 ಕಿ.ಮೀ. ಉತ್ತರಕ್ಕೆ. ಹೀಗಾಗಿ ಹೊರಗಿನವರು ನಡೆದಾಡಲೆಂದು ಕಾರಿನಲ್ಲಿ ಬರುತ್ತಾರೆ! ಅದಕ್ಕೆಂದೇ ಬಹುಮಹಡಿ ಕಾರು ನಿಲ್ದಾಣಗಳಿವೆ.

ಒಂದು ನಿವೇಶನ ತಿದ್ದಿದರೆ ಸಾಲದು, ಇಡೀ ಮಹಾನಗರ ಪ್ರದೇಶವನ್ನು ನೋಡಬೇಕು ಎಂಬುದು ಲೇಖಕಿಯರಿಗೆ ತಿಳಿಯದ್ದಲ್ಲ; ಅವರೇ ಹಾಗೆ ವಾದಿಸುತ್ತಾರೆ. ಆದರೂ ಅವರ ಉತ್ಸಾಹ ಹೆಚ್ಚಾಗಿ ಹರಿಯುವುದು ಅಂಚಿನೊಳಗಿನ ಚೆಲುವಿನ ಕಡೆಗೆ. ಒಬ್ಬನೇ ಮಾಲೀಕನ ಜಮೀನನ್ನು ಹೊಸದಾಗಿ ಕಟ್ಟುವುದು ಸುಲಭ. ರಸ್ತೆಯಾಚೆಯ ಮನೆಯ ಅಜ್ಜಿ ಔಷಧಿ ಅಂಗಡಿಗೆ ನಡೆದು ಬರುವಂತೆ ಮಾಡುವುದು ಕಷ್ಟ. ಯಶಸ್ಸನ್ನು ಅಳೆಯಬೇಕಾದದ್ದು ಅಲ್ಲಿ.

ಆ ದೃಷ್ಟಿಯಿಂದ ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸಿದ್ದು ಫ್ಲಾರಿಡಾದ ಮಯಾಮಿ ಬಳಿಯ ಕೆಂಡಾಲ್‌ನ ಅಧ್ಯಾಯ. ಅಲ್ಲಿ 1984ರಿಂದಲೇ ಮೆಟ್ರೋ ರೈಲು ಇತ್ತು. ಹಲವು ಮಾಲೀಕರ ಜಮೀನುಗಳನ್ನು ಒಂದೇ ನಿಯಮಾವಳಿಗೆ ತಂದು, ಬೀದಿಗಳು ಒಂದಕ್ಕೊಂದು ಕೂಡುವಂತೆ ಯೋಜಿಸಿದರು. ಚಿತ್ರದಲ್ಲಿ ಬೆಲ್ಮಾರ್‌ನಷ್ಟು ಅಂದವಿಲ್ಲ, ಕೆಲಸವೂ ನಿಧಾನ. ಅಗಲವಾದ ಡಿಕ್ಸಿ ಹೆದ್ದಾರಿ ಅಲ್ಲೂ ಪಕ್ಕದಲ್ಲೇ ಇದೆ. ಆದರೆ ರೈಲು ಇಳಿದವರು ಕಾರಿಲ್ಲದೆಯೇ ಅಂಗಡಿಗೆ ಹೋಗಬಹುದು.