ಕೋಬಾಲ್ ಯಾರ ಓದಿಗೆ?

1959ರ ಮೇ 28 ಮತ್ತು 29ರಂದು ಅಮೆರಿಕದ ಪೆಂಟಗನ್‌ನಲ್ಲಿ ಸುಮಾರು 40 ಮಂದಿಯ ಸಭೆ ನಡೆಯಿತು. ಕಂಪ್ಯೂಟರ್ ಮಾಡುವ ಕಂಪನಿಗಳವರು ಒಂದು ಕಡೆ, ದುಡ್ಡು ಕೊಟ್ಟು ಕೊಳ್ಳುವವರು ಇನ್ನೊಂದು ಕಡೆ. ಕೊಳ್ಳುವವರ ತಕರಾರಿನಲ್ಲಿ ಹುರುಳಿತ್ತು. ಸಂಬಳ, ದಾಸ್ತಾನು, ಬಿಲ್ಲುಗಳ ಲೆಕ್ಕಕ್ಕೆಂದು ವರ್ಷಗಟ್ಟಲೆ ಕೂತು ಬರೆಸಿದ ಪ್ರೋಗ್ರಾಂಗಳು ಯಂತ್ರ ಬದಲಾದ ದಿನವೇ ರದ್ದಿಗೆ ಹೋಗುತ್ತಿದ್ದವು. ಎಲ್ಲ ಯಂತ್ರಗಳಿಗೂ ಒಂದೇ ಭಾಷೆ ಬೇಕೆಂದು ತೀರ್ಮಾನವಾಯಿತು. ಒಳ್ಳೆಯ ಭಾಷೆಯನ್ನು ಆಮೇಲೆ ನಿಧಾನವಾಗಿ ರೂಪಿಸಿದರಾಯಿತು, ಸದ್ಯಕ್ಕೆ ಕೆಲಸ ಸಾಗಲಿ ಎಂದು ಒಂದು ‘ಅಲ್ಪಾವಧಿ’ ಸಮಿತಿ ಮಾಡಿದರು. ಆ ‘ಸದ್ಯ’ವೇ ಕೋಬಾಲ್. ‘ಆಮೇಲೆ’ ಬರಲೇ ಇಲ್ಲ.

ಈ ಭಾಷೆಗೆ ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ತಾಯಿ ಎಂದು ಎಲ್ಲೆಡೆ ಬರೆಯುತ್ತಾರೆ. ಅದು ಅರ್ಧ ಮಾತು. ಹಾಪರ್ ಯೂನಿವ್ಯಾಕ್ ಯಂತ್ರಕ್ಕೆಂದು ಮಾಡಿದ್ದ ಫ್ಲೋ-ಮ್ಯಾಟಿಕ್ ಭಾಷೆ ಕೋಬಾಲ್‌ಗೆ ಮುಖ್ಯ ಮಾದರಿಯಾಯಿತು ನಿಜ, ಆದರೆ ಅವರು ಆ ಸಮಿತಿಯಲ್ಲಿ ಇರಲಿಲ್ಲ. ಕರಡನ್ನು ಅಂತಿಮವಾಗಿ ಕೂಡಿಸಿದವರು ಆರು ಮಂದಿ. ಅವರಲ್ಲೊಬ್ಬರಾದ ಜೀನ್ ಸ್ಯಾಮೆಟ್ ಮುಂದೆ ಈ ತಪ್ಪನ್ನು ತಿದ್ದುತ್ತಲೇ ಬಂದರು. ಇನ್ನೊಬ್ಬ ಸದಸ್ಯ ಹೊವಾರ್ಡ್ ಬ್ರೋಂಬರ್ಗ್‌ಗಂತೂ ಸಮಿತಿಯ ಎಳೆದಾಟ ಎಷ್ಟು ಬೇಸರ ತರಿಸಿತೆಂದರೆ, ಕೋಬಾಲ್ ಎಂದು ಕೆತ್ತಿಸಿದ ಸಮಾಧಿ ಕಲ್ಲೊಂದನ್ನು ಪೆಂಟಗನ್‌ನಲ್ಲಿದ್ದ ಅಧ್ಯಕ್ಷ ಚಾರ್ಲ್ಸ್ ಫಿಲಿಪ್ಸ್ ಅವರಿಗೆ ಪಾರ್ಸೆಲ್ ಮಾಡಿದರು. ಆದರೆ ಭಾಷೆ ಸಾಯುವ ಲಕ್ಷಣವೇನೂ ಕಾಣಲಿಲ್ಲ. 1960ರ ಡಿಸೆಂಬರ್‌ನಲ್ಲಿ ಒಂದೇ ಪ್ರೋಗ್ರಾಂ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಆರ್‌ಸಿಎ 501 ಮತ್ತು ಯೂನಿವ್ಯಾಕ್ 2 ಎರಡರ ಮೇಲೂ ಓಡಿತು.

ಕೋಬಾಲ್ ಬಗ್ಗೆ ಹೊಗಳಿಕೆ, ತೆಗಳಿಕೆ ಎರಡಕ್ಕೂ ಕಾರಣವಾದದ್ದು ಅದರ ಇಂಗ್ಲಿಷ್ ವೇಷ. ವಿಜ್ಞಾನಿಗಳ ಫೋರ್ಟ್ರಾನ್‌ನಲ್ಲಿ ಒಂದು ಸೂತ್ರ ಸಾಕಾಗುವ ಕಡೆ ಇಲ್ಲಿ ‘ಮಲ್ಟಿಪ್ಲೈ ಗ್ರಾಸ್-ಪೇ ಬೈ ಟ್ಯಾಕ್ಸ್-ರೇಟ್ ಗಿವಿಂಗ್ ಟ್ಯಾಕ್ಸ್’ ಎಂದು ಪೂರ್ತಿ ವಾಕ್ಯ ಬರೆದು ಚುಕ್ಕಿ ಇಡಬೇಕು. ಗಣಿತದ ಚಿಹ್ನೆ ಕಂಡರೆ ಬೆದರುವ ಮ್ಯಾನೇಜರ್ ಕೂಡ ಇದನ್ನು ಓದಿಕೊಳ್ಳಲಿ ಎಂಬುದು ಲೆಕ್ಕಾಚಾರ. ಸೂತ್ರಗಳಿಗೆ ಜಾಗ ಕೊಡಬೇಕೋ ಬೇಡವೋ ಎಂದು ಸಮಿತಿಯಲ್ಲಿ ಜಗಳವೇ ಆಯಿತು. ಕೊನೆಗೆ ‘ಕಂಪ್ಯೂಟ್’ ಎಂಬ ಕ್ರಿಯಾಪದದ ಹಿಂದೆ ಅವುಗಳಿಗೆ ಪ್ರವೇಶ ಸಿಕ್ಕಿತು. ಆದರೆ ಯಾವ ಮ್ಯಾನೇಜರ್ ಕೂತು ಪ್ರೋಗ್ರಾಂ ಓದಿದ? ವಾಕ್ಯದ ಅರ್ಥವಾದ ಮಾತ್ರಕ್ಕೆ ಸಾವಿರಾರು ಸಾಲುಗಳ ತರ್ಕ ತಿಳಿದುಬಿಡುವುದಿಲ್ಲ. ಆ ಆಸೆ ಹುಸಿಯಾಯಿತು ಎಂದೇ ಹೇಳಬೇಕು.

ಮಾತಿನ ಸೋಗಿಗೆ ತೆತ್ತ ಬೆಲೆಯೂ ಸಣ್ಣದಲ್ಲ. ಮೊದಲ ಕಾಲು ಶತಮಾನದ ಕೋಬಾಲ್‌ನಲ್ಲಿ ‘ಇಫ್’ ಎಂದು ಶುರುವಾದ ಷರತ್ತು ಮುಗಿಯುತ್ತಿದ್ದುದು ಪೂರ್ಣವಿರಾಮದಲ್ಲಿ. ‘ಬಾಕಿ ಇದ್ದರೆ ದಂಡ ಕೂಡಿಸು, ನೋಟಿಸ್ ಮುದ್ರಿಸು’ ಎಂದು ಬರೆಯುವಾಗ ‘ಕೂಡಿಸು’ ಆದಮೇಲೆ ಕೈತಪ್ಪಿ ಒಂದು ಚುಕ್ಕಿ ಬಿತ್ತೆನ್ನಿ: ದಂಡ ಬಾಕಿದಾರರಿಗೆ ಮಾತ್ರ, ನೋಟಿಸ್ ಮಾತ್ರ ಊರಿಗೆಲ್ಲ! ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ತುಟಿ ಪಿಟಕ್ಕೆನ್ನುವುದಿಲ್ಲ, ಏಕೆಂದರೆ ಅದರ ದೃಷ್ಟಿಯಲ್ಲಿ ಎರಡೂ ಸರಿಯಾದ ವಾಕ್ಯಗಳೇ. ಇದಕ್ಕಿಂತ ಕೆಟ್ಟದ್ದು ‘ಆಲ್ಟರ್’ ಎಂಬ ಆಜ್ಞೆ. ಪ್ರೋಗ್ರಾಂ ಓಡುತ್ತಿರುವಾಗಲೇ ಒಂದು ‘ಗೋ ಟು’ ಆಜ್ಞೆ ಜಿಗಿಯಬೇಕಾದ ಜಾಗವನ್ನು ಇದು ಬದಲಿಸಿಬಿಡುತ್ತದೆ. ಕಾಗದದ ಮೇಲೆ ಒಂದು ದಾರಿ, ಯಂತ್ರದೊಳಗೆ ಬೇರೆ ದಾರಿ. ಓದಲು ಸುಲಭವೆಂದು ಬೀಗಿದ ಭಾಷೆಯಲ್ಲೇ ಇಂಥದ್ದು ಇತ್ತು. ಸಾಲದ್ದಕ್ಕೆ, ಪ್ರೋಗ್ರಾಂನ ಯಾವ ಮೂಲೆಯಿಂದ ಬೇಕಾದರೂ ಯಾವ ಅಂಕಿಯನ್ನು ಬೇಕಾದರೂ ತಿದ್ದಬಹುದಿತ್ತು, ಒಂದು ಭಾಗಕ್ಕೇ ಮೀಸಲಾದ ಅಂಕಿ ಎಂಬುದೇ ಇರಲಿಲ್ಲ.

ನೆದರ್ಲೆಂಡ್ಸ್‌ನ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1975ರಲ್ಲಿ ಕೋಬಾಲ್ ಬಳಕೆ ಬುದ್ಧಿಯನ್ನು ಊನಗೊಳಿಸುತ್ತದೆ, ಅದನ್ನು ಕಲಿಸುವುದನ್ನು ಅಪರಾಧವೆಂದೇ ಪರಿಗಣಿಸಬೇಕು ಎಂದು ಬರೆದದ್ದಕ್ಕೆ ಇಷ್ಟು ಹಿನ್ನೆಲೆ ಇದೆ. ಆದರೆ ಆ ತೀರ್ಪು ಪುಸ್ತಕದ ಅರ್ಧವನ್ನಷ್ಟೇ ಓದಿ ಕೊಟ್ಟದ್ದು.

ಕೋಬಾಲ್ ಪ್ರೋಗ್ರಾಂನಲ್ಲಿ ನಾಲ್ಕು ವಿಭಾಗಗಳಿರುತ್ತವೆ. ಮೇಲಿನ ದೂರುಗಳಲ್ಲಿ ಹೆಚ್ಚಿನವು ಕೊನೆಯ ‘ಪ್ರೊಸೀಜರ್ ಡಿವಿಷನ್’ಗೆ ಸೇರಿದವು. ಅದಕ್ಕೆ ಮುಂಚೆ ಬರುವ ‘ಡೇಟಾ ಡಿವಿಷನ್’ ಮಾತ್ರ ಬೇರೆಯೇ ದರ್ಜೆಯದು. ಯಾವ ಲೆಕ್ಕವನ್ನೂ ಮಾಡುವ ಮುನ್ನ ಇಲ್ಲಿ ಕಡತದ ಪ್ರತಿಯೊಂದು ಕಲಮನ್ನೂ ವಿವರಿಸಬೇಕು. 01 ಎಂದರೆ ಇಡೀ ದಾಖಲೆ, 05 ಎಂದರೆ ಅದರೊಳಗಿನ ವಿಳಾಸ, 10 ಎಂದರೆ ವಿಳಾಸದೊಳಗಿನ ಊರು, ಹೀಗೆ ಹಳೇ ಕಾಲದ ಗುಮಾಸ್ತನ ಖಾತೆ ಪುಸ್ತಕದಂತೆ ಮನೆಯೊಳಗೆ ಮನೆ. ಮುಂದೆ ಐಬಿಎಂನ ಪಿಎಲ್/1 ಭಾಷೆ ಈ ಏರ್ಪಾಡನ್ನು ಅಂಕಿಗಳ ಸಮೇತ ಎತ್ತಿಕೊಂಡಿತು.

ಒಳಗೆ ಮತ್ತೆ ಭಾಗಗಳಿಲ್ಲದ ಕಲಮಿಗೆ ಒಂದು ‘ಪಿಕ್ಚರ್’ ಇರುತ್ತದೆ. ‘ಪಿಕ್ 9(5)ವಿ99’ ಎಂದು ಬರೆದರೆ ರೂಪಾಯಿಗೆ ಐದು ಅಂಕಿ, ಪೈಸೆಗೆ ಎರಡು ಅಂಕಿ, ದಶಾಂಶದ ಜಾಗ ನಡುವೆ. ಲೆಕ್ಕ ನಡೆಯುವುದೂ ದಶಮಾನ ಪದ್ಧತಿಯ ನಿಯಮದಂತೆಯೇ. ಇದರ ಬೆಲೆ ಗೊತ್ತಾಗಬೇಕಾದರೆ ಇಂದಿನ ಹಲವು ಭಾಷೆಗಳಲ್ಲಿ ಸಾಮಾನ್ಯ ಬಳಕೆಯಲ್ಲಿರುವ ದ್ವಿಮಾನ ಪದ್ಧತಿಯಲ್ಲಿ 0.1ನ್ನು ಹತ್ತು ಸಲ ಕೂಡಿಸಿ ನೋಡಬೇಕು. ಒಂದು ಬರುವುದಿಲ್ಲ, 0.9999999999999999 ಬರುತ್ತದೆ. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ನಡೆದೀತು, ಬ್ಯಾಂಕಿನ ಕೌಂಟರಿನಲ್ಲಿ ನಡೆಯದು.

ಮುದ್ರಣಕ್ಕೂ ಪಿಕ್ಚರೇ. ಅಂಕಿಯ ಎಡಗಡೆಯ ಸೊನ್ನೆಗಳು ಕಾಣಬಾರದೆಂದರೆ ‘ಝಡ್’ ಬರೆದರಾಯಿತು. ಚೆಕ್ಕಿನಲ್ಲಿ ಅಂಕಿಯ ಎಡಗಡೆ ಯಾರೂ ಏನನ್ನೂ ಸೇರಿಸಬಾರದೆಂದರೆ ನಕ್ಷತ್ರ ಚಿಹ್ನೆ ಹಾಕಿದರಾಯಿತು, ಖಾಲಿ ಜಾಗವೆಲ್ಲ ನಕ್ಷತ್ರ ತುಂಬಿ ಬರುತ್ತದೆ. ಅಲ್ಪವಿರಾಮ ಎಲ್ಲಿ ಬರಬೇಕು ಎಂಬುದೂ ಬರೆಯುವವರ ಇಷ್ಟ. ‘99,99,999.99’ ಎಂದರೆ ಲಕ್ಷ, ಸಾವಿರದ ನಮ್ಮ ಲೆಕ್ಕ ತಾನಾಗಿ ಮುದ್ರಣವಾಗುತ್ತದೆ. ಅಮೆರಿಕದ ಸಮಿತಿಯವರ ತಲೆಯಲ್ಲಿ ಲಕ್ಷ, ಕೋಟಿ ಇದ್ದಿರಲಾರದು. ಆದರೂ ಆಮೇಲೆ ಬಂದ ಎಷ್ಟೋ ಸಾಫ್ಟ್‌ವೇರ್‌ಗಳು ಈ ಅಲ್ಪವಿರಾಮದ ಮುಂದೆ ತಡವರಿಸಿವೆ.

ಅಂದಹಾಗೆ ಎರಡಂಕಿಯಲ್ಲಿ ಬರೆದಿಟ್ಟ ಇಸವಿ 2000ದಲ್ಲಿ 1900 ಎನಿಸಿ ಲೆಕ್ಕ ತಪ್ಪುವ ‘ವೈ2ಕೆ’ ಪಾಪವನ್ನು ಕೋಬಾಲ್ ತಲೆಗೆ ಕಟ್ಟುವುದು ಅನ್ಯಾಯ. ಇಸವಿಗೆ ನಾಲ್ಕು ಅಂಕಿ ಇಡಲು ಭಾಷೆ ಬೇಡ ಎಂದಿರಲಿಲ್ಲ. ಮಾಹಿತಿ ತುಂಬುವ ಒಂದು ಪಂಚ್ ಕಾರ್ಡಿನಲ್ಲಿ ಇದ್ದದ್ದೇ 80 ಅಕ್ಷರಗಳ ಜಾಗ, ಮೆಮೊರಿ ದುಬಾರಿ, ಹಾಗಾಗಿ 1968ನ್ನು 68 ಎಂದು ಬರೆದವರು ಪ್ರೋಗ್ರಾಮರ್‌ಗಳು. ಅದನ್ನು ತಿದ್ದುವ ಕೆಲಸದಲ್ಲಿ ದೊಡ್ಡ ಪಾಲು ಬೆಂಗಳೂರು ಸೇರಿದಂತೆ ಭಾರತದ ಕಂಪನಿಗಳಿಗೆ ಬಂತು. ಕಂಪ್ಯೂಟರ್ ಸೈನ್ಸ್ ಓದದೆ ಮೆಕ್ಯಾನಿಕಲ್, ಸಿವಿಲ್ ಮುಗಿಸಿ ಬಂದ ಹುಡುಗ ಹುಡುಗಿಯರನ್ನೂ ಕೆಲವೇ ತಿಂಗಳ ತರಬೇತಿ ಕೊಟ್ಟು ಮೇನ್‌ಫ್ರೇಮ್ ಮುಂದೆ ಕೂರಿಸಿದರು. ಎಂದೂ ನೋಡಿರದ ಊರಿನ ಬ್ಯಾಂಕು, ಎಂದೋ ನಿವೃತ್ತರಾದ ಯಾರೋ ಬರೆದ ಸಾಲುಗಳು. ಆ ಉದ್ದುದ್ದ ಇಂಗ್ಲಿಷ್ ವಾಕ್ಯಗಳು, 30 ಅಕ್ಷರಗಳವರೆಗೆ ಹಿಗ್ಗಬಲ್ಲ ಹೆಸರುಗಳು ಕೊನೆಗೂ ಕೆಲಸಕ್ಕೆ ಬಂದದ್ದು ಇವರಿಗೇ. ಮ್ಯಾನೇಜರ್‌ಗೆಂದು ಬರೆದದ್ದನ್ನು ಓದಿದವರು ಇವರು.

ಭಾಷೆಯನ್ನು ಕಾಪಾಡಿಕೊಂಡು ಬಂದವರಿಗೂ ಯಾವ ಅರ್ಧ ಗಟ್ಟಿ, ಯಾವ ಅರ್ಧ ಜೊಳ್ಳು ಎಂಬುದು ತಿಳಿದಿತ್ತೆಂದು ಕಾಣುತ್ತದೆ. 1985ರ ಆವೃತ್ತಿಯಲ್ಲಿ ‘ಎಂಡ್-ಇಫ್’ ಬಂದು ಚುಕ್ಕಿಯ ಕಾಟ ತಗ್ಗಿತು, ಪ್ರೋಗ್ರಾಂನೊಳಗೆ ಪ್ರೋಗ್ರಾಂ ಇಟ್ಟು ಅಂಕಿಗಳಿಗೆ ಬೇಲಿ ಹಾಕುವ ಅನುಕೂಲ ಬಂತು. 2002ರಲ್ಲಿ ‘ಆಲ್ಟರ್’ ಅನ್ನು ಕಿತ್ತೇಹಾಕಿದರು. ಪ್ರೊಸೀಜರ್ ಡಿವಿಷನ್ ಹೀಗೆ ಮತ್ತೆ ಮತ್ತೆ ರಿಪೇರಿಗೆ ಬಂದರೂ ಭಾಷೆಯನ್ನು ವಿವರಿಸಿದ 1960ರ ವರದಿಯ ಪಿಕ್ಚರ್ ಬರೆಯಬಲ್ಲವರು ಇವತ್ತಿನ ಕಂಪೈಲರ್ ಮುಂದೆ ಕೂತು ಹೆಚ್ಚುಕಡಿಮೆ ಹಾಗೆಯೇ ಬರೆಯಬಹುದು.