ಪುಶ್ ಬ್ಯಾಕ್ ಮತ್ತು ಮಾಡಿಬಿಡು

ಕೆಲಸಕ್ಕೆ ಸೇರಿದ ಮೊದಲನೇ ವರ್ಷದ ಕಥೆ. ಅಮೆರಿಕದಲ್ಲಿದ್ದ ಕ್ಲೈಂಟ್ ಕಡೆಯ ಲೀಡ್ ಒಂದು ರಾತ್ರಿ ಒಂದೇ ಸಾಲಿನ ಮೇಲ್ ಕಳಿಸಿದ್ರು: 'ಪ್ಲೀಸ್ ಪುಶ್ ಬ್ಯಾಕ್ ಆನ್ ದ ಡೇಟ್.' ಬೇರೊಂದು ತಂಡ ನಮ್ಮ ತಲೆಗೆ ಕಟ್ಟಿದ್ದ ಡೆಡ್‌ಲೈನ್ ಬಗ್ಗೆ ಮಾತು ಅದು. ಪುಶ್ ಬ್ಯಾಕ್ ಅಂದ್ರೆ ಮುಂದೂಡು ಅಂತ ನಾನು ಬಾಯಿಪಾಠ ಮಾಡಿದ್ದೆ. ಅವರು ಹಿಂದಕ್ಕೆ ತಳ್ಳೋದನ್ನ ನಾವು ಮುಂದಕ್ಕೆ ಹಾಕ್ತೀವಲ್ಲ ಅಂತ ಒಳಗೊಳಗೇ ನಕ್ಕು, ಪ್ಲಾನ್‌ನಲ್ಲಿ ಡೇಟನ್ನ ಒಂದು ವಾರ ಮುಂದಕ್ಕೆ ಹಾಕಿ, ಟೆಸ್ಟಿಂಗ್‌ನವರಿಗೂ ಹೇಳಿ ಮಲಗಿದೆ.

ಅವರು ಹೇಳಿದ್ದು ಅದಲ್ಲ. 'ಈ ಡೇಟ್ ನಮಗೆ ಆಗಲ್ಲ ಅಂತ ಆ ತಂಡಕ್ಕೆ ಗಟ್ಟಿಯಾಗಿ ಹೇಳಿ' ಅಂತ. ಮಧ್ಯದಲ್ಲಿ ಕೂತಿದ್ದ 'ಆನ್' ಅನ್ನೋ ಪುಟ್ಟ ಪದ ನನ್ನ ಕಣ್ಣಿಗೆ ಬೀಳಲೇ ಇಲ್ಲ. ನಾವು ಯಾರೂ ತಕರಾರು ಮಾಡದೆ ಇದ್ದದ್ದನ್ನ ಆ ತಂಡ ಒಪ್ಪಿಗೆ ಅಂತ ತಿಳ್ಕೊಂಡ್ತು. ಎರಡು ವೀಕೆಂಡು ಇಡೀ ಟೀಮು ಆಫೀಸಲ್ಲೇ ಕಳೆಯಿತು. ಆ ವರ್ಷದ ಅಪ್ರೈಸಲ್‌ನಲ್ಲಿ ನನ್ನ ಹೆಸರಿನ ಮುಂದೆ 'ಕಮ್ಯುನಿಕೇಶನ್ ನೀಡ್ಸ್ ಇಂಪ್ರೂವ್‌ಮೆಂಟ್' ಅಂತ ಬಂತು.

ತಪ್ಪು ನನ್ನದೇ, ಇಲ್ಲ ಅನ್ನಲ್ಲ. ಆದ್ರೆ ಈ ತಪ್ಪು ಮಾಡೋದಕ್ಕೆ ನನಗೆ ಎಷ್ಟು ಚೆನ್ನಾಗಿ ತರಬೇತಿ ಆಗಿತ್ತು ಅನ್ನೋದನ್ನೂ ಸ್ವಲ್ಪ ನೋಡಬೇಕು.

ನಮ್ಮೂರು ಚನ್ನರಾಯಪಟ್ಟಣ ತಾಲ್ಲೂಕು. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಇಂಗ್ಲಿಷ್ ಪೀರಿಯಡ್ಡಲ್ಲಿ ಮೇಷ್ಟ್ರು ಕಲಿಸಿದ್ದು ಪೋಸ್ಟ್‌ಪೋನ್, ಟಾಲರೇಟ್, ಇನ್ವೆಸ್ಟಿಗೇಟ್, ಡಿಸ್ಕಂಟಿನ್ಯೂ. ಎಲ್ಲ ಕೋಟು ಹಾಕ್ಕೊಂಡಿರೋ ಕ್ರಿಯಾಪದಗಳು. ಬೆಂಗಳೂರಿಗೆ ಬಂದು ನೋಡಿದ್ರೆ ಇಲ್ಲಿ ಯಾರೂ ಅವನ್ನ ಬಳಸ್ತಾನೇ ಇರ್ಲಿಲ್ಲ. ಪುಟ್ ಆಫ್, ಪುಟ್ ಅಪ್ ವಿತ್, ಲುಕ್ ಇನ್‌ಟು, ಗಿವ್ ಅಪ್. ಪದಗಳೆಲ್ಲ ಐದನೇ ಕ್ಲಾಸಿನವು, ಅರ್ಥ ಮಾತ್ರ ಕೈಗೆ ಸಿಗದ್ದು.

ಬಿಇ ಸೇರುವಾಗ ಅಪ್ಪ ಬಸ್ ಸ್ಟ್ಯಾಂಡಿನ ಅಂಗಡಿಯಿಂದ ಒಂದು ಪುಸ್ತಕ ತಂದುಕೊಟ್ಟಿದ್ರು. ಮೂವತ್ತು ದಿನದಲ್ಲಿ ಇಂಗ್ಲಿಷ್ ಕಲಿಸೋ ಜಾತಿಯದ್ದು. ಈಗಲೂ ಅಂಥವು ಬರ್ತಾನೇ ಇವೆ, ಈಗ ವಿಡಿಯೋ ರೂಪದಲ್ಲೂ ಇವೆ. ಫ್ರೇಸಲ್ ವರ್ಬ್ ಪಾಠ ಎಲ್ಲದರಲ್ಲೂ ಒಂದೇ ಥರ: ಗಿವ್ ಅಪ್, ತ್ಯಜಿಸು. ಗಿವ್ ಇನ್, ಶರಣಾಗು. ಗಿವ್ ಅವೇ, ದಾನ ಮಾಡು. ಹೀಗೆ ನೂರಾರು, ಎಬಿಸಿಡಿ ಆರ್ಡರ್‌ನಲ್ಲಿ.

ಈ ಪಟ್ಟಿಗಳ ಮೇಲೆ ನನ್ನ ದೂರು ಮೂರು.

ಒಂದು, ಪದಕ್ಕೊಂದೇ ಅರ್ಥ, ಅದೂ ನಾವ್ಯಾರೂ ಬಾಯಲ್ಲಿ ಆಡದ ಅರ್ಥ. 'ಹಿ ಗೇವ್ ಅಪ್' ಅಂದ್ರೆ 'ಅವನು ತ್ಯಜಿಸಿದನು' ಅಲ್ಲ, 'ಕೈಚೆಲ್ಲಿಬಿಟ್ಟ'. ಮನೆಮಾತಿನ ಪದಕ್ಕೆ ಗ್ರಂಥದ ಪದ ಅಂಟಿಸಿದ್ರೆ ಎಲ್ಲಿ, ಯಾರ ಹತ್ರ ಬಳಸಬೇಕು ಅನ್ನೋದೇ ತಿಳಿಯಲ್ಲ.

ಎರಡು, ಪಟ್ಟಿ ಮಾಡೋದು ಕ್ರಿಯಾಪದದ ಲೆಕ್ಕದಲ್ಲಿ. ಆದ್ರೆ ಎಷ್ಟೋ ಸಲ ಕೆಲಸ ಮಾಡೋದು ಹಿಂದಿನ ಪುಟ್ಟ ಪದ. ಈಟ್ ಅಪ್, ಡ್ರಿಂಕ್ ಅಪ್, ಯೂಸ್ ಅಪ್, ಟೇರ್ ಅಪ್: ಇಲ್ಲೆಲ್ಲ 'ಅಪ್' ಅಂದ್ರೆ ಮೇಲೆ ಅಲ್ಲ, ಪೂರ್ತಿ ಮುಗಿಸೋದು. ಗೋ ಆನ್, ಕ್ಯಾರಿ ಆನ್, ರೀಡ್ ಆನ್: ಇಲ್ಲಿ 'ಆನ್' ಅಂದ್ರೆ ನಿಲ್ಲಿಸದೆ ಮುಂದುವರಿಸೋದು. ಇವನ್ನ ಒಟ್ಟಿಗೆ ಇಟ್ಟಿದ್ರೆ ಅರ್ಧ ಬಾಯಿಪಾಠ ತಪ್ತಿತ್ತು.

ಮೂರು, ವಾಕ್ಯ ಇಲ್ಲ. 'ಟರ್ನ್ ಆಫ್ ದ ಸರ್ವರ್' ಅನ್ನಬಹುದು, 'ಟರ್ನ್ ದ ಸರ್ವರ್ ಆಫ್' ಅಂತಲೂ ಅನ್ನಬಹುದು. ಸರ್ವರ್ ಬದಲು 'ಇಟ್' ಬಂದ್ರೆ ಮಾತ್ರ ಅದು ಮಧ್ಯದಲ್ಲೇ ಕೂರಬೇಕು: 'ಟರ್ನ್ ಇಟ್ ಆಫ್'. ನಾನು ಎರಡು ವರ್ಷ 'ಟರ್ನ್ ಆಫ್ ಇಟ್' ಅಂತ ಬರೆದೆ. ಹಾಗಂತ ಎಲ್ಲವನ್ನೂ ಹೀಗೆ ಬಿಡಿಸೋ ಹಾಗಿಲ್ಲ, 'ಲುಕ್ ಆಫ್ಟರ್' ಬಿಡಿಸಿದ್ರೆ ಕೆಟ್ಟುಹೋಗುತ್ತೆ. ಇನ್ನು ನಮ್ಮ ಸ್ಕ್ರೀನ್‌ಗಳ ಮೇಲೆ ದಿನಾ ನೋಡೋ 'ಬ್ಯಾಕಪ್' ಒಂದೇ ಪದ ಆದ್ರೆ ನಾಮಪದ, ಬಿಡಿಸಿ 'ಬ್ಯಾಕ್ ಅಪ್' ಅಂತ ಬರೆದ್ರೆ ಕ್ರಿಯಾಪದ. ಡೇಟಾ ಕಾಪಿ ಮಾಡಿಡೋದು 'ಬ್ಯಾಕ್ ಅಪ್', ಮಾಡಿದ ಚೇಂಜನ್ನ ವಾಪಸ್ ತೆಗೆಯೋದು 'ಬ್ಯಾಕ್ ಔಟ್'. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್‌ನಲ್ಲಿ ಇವೆರಡು ಅದಲು ಬದಲಾದ್ರೆ ಏನಾಗುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇದು ನಮ್ಮ ಹಳ್ಳಿ ಹುಡುಗರ ದಡ್ಡತನ ಏನಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ, ಹೊರಗಿನವರಿಗೆ ಇಂಗ್ಲಿಷಿನಲ್ಲಿ ಅತಿ ಕಷ್ಟ ಕೊಡೋದು ಕ್ರಿಯಾಪದದ ಹಿಂದೆ ಅಂಟೋ ಈ ಪುಟ್ಟ ಪದಗಳೇ ಅಂತ ಒಪ್ಪಿಕೊಂಡಿದ್ದ. ಫ್ರೇಸಲ್ ವರ್ಬ್ ಅನ್ನೋ ಹೆಸರು ಬಂದಿದ್ದು ಎಷ್ಟೋ ಆಮೇಲೆ. 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ತನ್ನ ಪುಸ್ತಕದಲ್ಲಿ ಆ ಹೆಸರು ಬಳಸಿದ.

ನನ್ನ ಕಣ್ಣು ತೆರೆಸಿದ್ದು ಮಾತ್ರ ಆ 'ಪುಶ್ ಬ್ಯಾಕ್' ಲೀಡೇ. ಕೆಲವು ವರ್ಷದ ಮೇಲೆ ಅವರು ಎರಡು ವಾರಕ್ಕೆ ಬೆಂಗಳೂರಿಗೆ ಬಂದ್ರು. ನೋಟ್‌ಬುಕ್ಕಲ್ಲಿ ಕನ್ನಡ ಪದಗಳನ್ನ ಬರ್ಕೊಂಡು ಕಲೀತಿದ್ರು. ಅವರ ಪಟ್ಟಿಯಲ್ಲಿ 'ಬಿಡು' ಅಂದ್ರೆ 'ಲೀವ್'. ಒಂದು ದಿನ ಕ್ಯಾಂಟೀನಲ್ಲಿ ಕೇಳಿದ್ರು: 'ಐದೇ ನಿಮಿಷ, ಬಂದ್ಬಿಡ್ತೀನಿ' ಅಂತೀರ, 'ಸೈನ್ ಮಾಡ್ಬಿಡಿ' ಅಂತೀರ, 'ಹೋಗ್ಲಿ ಬಿಡಿ' ಅಂತೀರ. ಇದರಲ್ಲಿ ಯಾರು ಏನನ್ನ ಬಿಡ್ತಿದಾರೆ?

ನನ್ನ ಹತ್ರ ಉತ್ತರ ಇರ್ಲಿಲ್ಲ. ಅವ್ವನ ಹತ್ರ ದಿನಾ ಫೋನಲ್ಲಿ ಹತ್ತು ಸಲ 'ಬಿಡು' ಅನ್ನೋನಿಗೆ ಅದರ ಅರ್ಥ ಹೇಳಕ್ಕೆ ಬರ್ಲಿಲ್ಲ.

ಮನೆಗೆ ಬಂದು 'ಹೇಳು' ಅನ್ನೋದೊಂದನ್ನೇ ಹಿಡ್ಕೊಂಡು ಕೂತೆ. ಹೇಳಿಬಿಟ್ಟೆ ಅಂದ್ರೆ ತಡೀಲಾರದೆ ಹೇಳಿದ್ದು. ಹೇಳಿಕೊಟ್ಟೆ ಅಂದ್ರೆ ಕಲಿಸಿದ್ದು. ಹೇಳಿಕೊಂಡೆ ಅಂದ್ರೆ ಸಂಕಟ ತೋಡಿಕೊಂಡಿದ್ದು. ಹೇಳಿನೋಡಿದೆ ಅಂದ್ರೆ ಪ್ರಯತ್ನಪಟ್ಟಿದ್ದು, ಬಹುಶಃ ಕೇಳ್ಲಿಲ್ಲ. ಹೇಳಿಕಳಿಸಿದೆ ಅಂದ್ರೆ ಬರಕ್ಕೆ ಹೇಳಿದ್ದು. ಮುಖ್ಯ ಪದ ಒಂದೇ, ಬಾಲ ಬದಲಾದ ಹಾಗೆ ಅರ್ಥ ಬದಲು. ಇನ್ನು ಅತ್ತೆ ಮೇಲೆ ಸೊಸೇನ 'ಎತ್ತಿಕಟ್ಟಿದ್ರು' ಅನ್ನುವಾಗ ಯಾರೂ ಏನನ್ನೂ ಎತ್ತಲ್ಲ, ಕಟ್ಟಲ್ಲ. 'ಪಕ್ಕದ್ಮನೆ ಹುಡುಗಿ ಓಡಿಹೋದ್ಲಂತೆ' ಅಂದ್ರೆ ಊರಲ್ಲಿ ಯಾರೂ ಅದನ್ನ ವ್ಯಾಯಾಮ ಅಂದ್ಕೊಳ್ಳಲ್ಲ.

ಅಂದ್ರೆ ಈ ಆಟ ನಮಗೆ ಹುಟ್ಟಿನಿಂದ ಗೊತ್ತು. ಟೇರ್ ಅಪ್ ಅಂದ್ರೆ ಹರಿದುಹಾಕು, ಈಟ್ ಅಪ್ ಅಂದ್ರೆ ತಿಂದುಬಿಡು, ರೀಡ್ ಆನ್ ಅಂದ್ರೆ ಓದ್ತಾ ಹೋಗು. ಎರಡೂ ಭಾಷೆ ತಾಳೆ ಪೂರ್ತಿ ಆಗಲ್ಲ ನಿಜ. ನಮ್ಮಲ್ಲಿ ಬಾಲ ಕ್ರಿಯಾಪದ, ಅವರಲ್ಲಿ ಅಲ್ಲ. ನಮ್ಮ 'ಎತ್ತಿಕಟ್ಟು' ಥರ ಅವರಲ್ಲೂ ಲೆಕ್ಕಕ್ಕೆ ಸಿಗದವು ಬೇಕಾದಷ್ಟಿವೆ. ಆದ್ರೂ 'ನಿನ್ನ ಭಾಷೆಯಲ್ಲೂ ಇಂಥದ್ದೇ ಇದೆ ಕಣಪ್ಪ' ಅಂತ ಒಬ್ಬ ಮೇಷ್ಟ್ರು, ಒಂದು ಪುಸ್ತಕ ಹೇಳಿದ್ದಿದ್ರೆ ನನ್ನ ಅರ್ಧ ಭಯ ಹೋಗ್ತಿತ್ತು. ನಮಗೆ ಇಂಗ್ಲಿಷ್ ಕಲಿಸಿದ್ದು ಕನ್ನಡ ಮರೀಬೇಕು ಅನ್ನೋ ಹಾಗೆ.

ಇದೆಲ್ಲ ಈಗ ಯಾಕೆ ಅಂದ್ರೆ, ಈ ಸಲ ಆ ಅಪ್ರೈಸಲ್ ಕಾಲಂ ತುಂಬಬೇಕಾಗಿದ್ದು ನಾನು. ನಮ್ಮ ಟೀಮಲ್ಲಿ ಒಬ್ಬ ಹುಡುಗ ಇದ್ದಾನೆ, ನನ್ನ ಹಾಗೇ ಕನ್ನಡ ಮೀಡಿಯಂ. ಕೋಡ್ ನೋಡಿದ್ರೆ ಖುಷಿಯಾಗುತ್ತೆ. ಮೇಲ್‌ನಲ್ಲಿ 'ಐ ವಿಲ್ ಇನ್ವೆಸ್ಟಿಗೇಟ್ ದ ಮ್ಯಾಟರ್' ಅಂತ ಬರೀತಾನೆ. ಮೀಟಿಂಗಲ್ಲಿ ಒಬ್ರು 'ಏನಪ್ಪ, ಪೊಲೀಸ್ ಇನ್‌ಸ್ಪೆಕ್ಟರಾ?' ಅಂದ್ರು, ಎಲ್ಲರೂ ನಕ್ರು. ನಾನೂ ನಕ್ಕೆ, ಅದು ನಾಚಿಕೆ ವಿಷಯ. ಆಮೇಲೆ ಅವನನ್ನ ಕ್ಲೈಂಟ್ ಕಾಲ್‌ಗಳಿಂದ ದೂರ ಇಡೋಣ ಅನ್ನೋ ಮಾತು ಬಂತು. ಅವನ ವಾಕ್ಯದಲ್ಲಿ ವ್ಯಾಕರಣ ತಪ್ಪಿಲ್ಲ, ಅರ್ಥ ತಪ್ಪಿಲ್ಲ. ಅವನಿಗೆ ಗೊತ್ತಿಲ್ಲದೆ ಇರೋದು 'ಲುಕ್ ಇನ್‌ಟು' ಅನ್ನೋ ಎರಡು ಪದ. ನಾವು ಕಮ್ಯುನಿಕೇಶನ್ ಅಂತ ಅಳೆಯೋದು ಎಷ್ಟೋ ಸಲ ಇಷ್ಟನ್ನೇ, ಯಾರ ಮನೇಲಿ ಈ ಪುಟ್ಟ ಪದಗಳು ಚಿಕ್ಕಂದಿನಿಂದ ಓಡಾಡ್ತಿದ್ವು ಅನ್ನೋದನ್ನ.

ಈಗ ಶುಕ್ರವಾರ ಊಟ ಆದ್ಮೇಲೆ ನಾವಿಬ್ಬರೂ ಅರ್ಧ ಗಂಟೆ ಕೂರ್ತೀವಿ. ಪಟ್ಟಿ ಇಲ್ಲ. ಆ ವಾರದ ಮೇಲ್‌ಗಳಿಂದ ನಾಲ್ಕು ವಾಕ್ಯ ಎತ್ಕೊಂಡು, ಇದನ್ನ ಅವನ ಊರಲ್ಲಿ ಹೇಗೆ ಹೇಳ್ತಾರೆ ಅಂತ ಮೊದಲು ಕನ್ನಡದಲ್ಲಿ ಹೇಳ್ಕೊಳ್ಳೋದು, ಆಮೇಲೆ ಮುಂದಿನ ವಾರದ ಮೇಲ್‌ನಲ್ಲಿ ಅವನು ಬಳಸಿನೋಡೋದು.

ಕಮ್ಯುನಿಕೇಶನ್ ಕಾಲಂನಲ್ಲಿ 'ಸ್ಪಷ್ಟವಾಗಿ ಬರೀತಾನೆ, ಕ್ಲೈಂಟ್ ಕಾಲ್‌ಗೆ ಹಾಕಿ' ಅಂತ ಬರೆದೆ. ಮ್ಯಾನೇಜರ್ ವಾಪಸ್ ಕೇಳಿದ್ರು: 'ವಿಲ್ ಹಿ ಪುಲ್ ಇಟ್ ಆಫ್?' ಹತ್ತು ವರ್ಷದ ಹಿಂದೆ ಆಗಿದ್ರೆ ಏನನ್ನ ಎಳೆದು ಕೀಳಬೇಕು ಅಂತ ಹುಡುಕ್ತಿದ್ದೆ. 'ಯೆಸ್' ಅಂತ ಉತ್ತರ ಕಳಿಸಿದೆ. ಮೊದಲ ಕಾಲ್ ಮುಂದಿನ ಮಂಗಳವಾರ. ಮಾಡಿಬಿಡ್ತಾನೆ.