ರೈಲುದಾರಿಯ ಅಭಿಜ್ಞಾನಸ್ಥಳಗಳು

ರತ್ನಪರೀಕ್ಷಕನು ಕಲ್ಲನ್ನು ಕಂಡೊಡನೆ ಅದರ ಜಾತಿಯನ್ನೂ, ಸಂಗೀತಜ್ಞನು ನಾಲ್ಕು ಸ್ವರಗಳನ್ನು ಕೇಳಿದೊಡನೆ ರಾಗವನ್ನೂ ಹೇಳುವುದು ಲೋಕಪ್ರಸಿದ್ಧವಾದ ವಿಷಯ. ಇಂತಹುದೇ ಒಂದು ನೈಪುಣ್ಯವು ರೈಲುಬಂಡಿಗಳಲ್ಲಿ ಆಸಕ್ತರಾದವರಲ್ಲಿಯೂ ಉಂಟು. ಹೆಸರಾಗಲಿ ವಿವರಣೆಯಾಗಲಿ ಇಲ್ಲದ ಒಂದು ಛಾಯಾಚಿತ್ರವನ್ನು ಅವರ ಮುಂದಿಟ್ಟರೆ, ಕಂಬಿಯ ಒಂದು ತಿರುವನ್ನೋ, ಸೇತುವೆಯ ಕೆಲವು ಕಮಾನುಗಳನ್ನೋ, ಸುರಂಗದ ಬಾಯನ್ನೋ ನೋಡಿದ ಮಾತ್ರದಿಂದಲೇ ಇದು ಇಂತಹ ದೇಶದ ಇಂತಹ ಸ್ಥಳವೆಂದು ನಿಸ್ಸಂದೇಹವಾಗಿ ಹೇಳಿಬಿಡುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಆ ಸ್ಥಳಕ್ಕೆ ಎಂದೂ ಹೋದವರಲ್ಲ. ಚಿತ್ರದಿಂದ ಚಿತ್ರವನ್ನು ಗುರುತಿಸುವವರು ಅವರು. ಈ ಗುರುತಿಸುವಿಕೆಯು ರಸಾಸ್ವಾದವೋ ಅಥವಾ ಬರಿಯ ಸ್ಮೃತಿಯ ಚಮತ್ಕಾರವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಕಾವ್ಯಕ್ಕೂ ಚಿತ್ರಕ್ಕೂ ಸಮಾನವಾದ ಒಂದು ತತ್ತ್ವವು ಇದರಲ್ಲಿ ಅಡಗಿರುವುದರಿಂದ, ವಿಷಯವು ಉಕ್ಕಿನ ಕಂಬಿಯದೆಂದು ಸಾಹಿತ್ಯಾಭಿಮಾನಿಗಳು ಇದನ್ನು ಅಲಕ್ಷಿಸತಕ್ಕುದಲ್ಲ.

ಮೊದಲು ಆ ಸ್ಥಳಗಳ ಸ್ವರೂಪವನ್ನು ಪರೀಕ್ಷಿಸಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ಆಲ್ಟೂನಾ ಎಂಬ ಊರಿನ ಸಮೀಪದ ‘ಕುದುರೆಲಾಳದ ತಿರುವು’ ಇಂತಹ ಸ್ಥಳಗಳಲ್ಲಿ ಅಗ್ರಗಣ್ಯವಾದುದು. ಅಲ್ಲಿಯ ಅಲಿಗೆನಿ ಬೆಟ್ಟಸಾಲನ್ನು ದಾಟಿಸುವುದಕ್ಕೆ ಮೊದಲು ಬಂಡಿಗಳನ್ನು ಇಳಿಜಾರಿನ ಮೇಲೆ ಹಗ್ಗ ಕಟ್ಟಿ, ನೆಲೆಯಾಗಿ ನಿಲ್ಲಿಸಿದ ಉಗಿಯಂತ್ರಗಳಿಂದ ಎಳೆಯಬೇಕಾಗಿತ್ತು. ಜೆ. ಎಡ್ಗರ್ ಥಾಮ್ಸನ್ ಎಂಬ ಎಂಜಿನಿಯರು ಬೆಟ್ಟವನ್ನು ನೇರವಾಗಿ ಎದುರಿಸದೆ, ಕಣಿವೆಯ ಒಂದು ಮಗ್ಗುಲಿನಲ್ಲಿ ಹೋಗಿ, ಅದರ ತಲೆಯಲ್ಲಿ ಬಳಸಿಕೊಂಡು, ಇನ್ನೊಂದು ಮಗ್ಗುಲಿನಲ್ಲಿ ಮರಳಿ ಬರುವಂತೆ ದಾರಿಯನ್ನು ಹಾಕಿದನು. ೧೮೫೪ನೆಯ ಇಸವಿಯ ಫೆಬ್ರವರಿಯಲ್ಲಿ ಅದು ಸಂಚಾರಕ್ಕೆ ತೆರೆಯಿತು. ನೂರು ಅಡಿ ಸಾಗಿದರೆ ಎರಡು ಅಡಿಗೂ ಕಡಿಮೆಯಾದ ಏರು. ಅಷ್ಟನ್ನು ಸಾಧಿಸುವುದಕ್ಕಾಗಿಯೇ ಅಷ್ಟು ದೊಡ್ಡ ಬಳಸು. ತಿರುವಿನ ಒಳಗೆ ನಿಂತವನಿಗೆ ಬಂಡಿಯು ತನಗೇ ಪ್ರದಕ್ಷಿಣೆ ಮಾಡುತ್ತಿರುವಂತೆ ಮೂರು ಕಡೆಯಲ್ಲಿಯೂ ಕಾಣುತ್ತದೆ.

ಕ್ಯಾಲಿಫೋರ್ನಿಯಾದ ಟೆಹಾಚಪಿ ಸುತ್ತು ಇದಕ್ಕಿಂತಲೂ ಅದ್ಭುತವಾದುದು. ವಿಲಿಯಂ ಹುಡ್ ಎಂಬುವನ ಯೋಜನೆಯಂತೆ ೧೮೭೬ರಲ್ಲಿ ಮುಗಿದ ಈ ದಾರಿಯು ಒಂದು ಗುಡ್ಡವನ್ನು ಪೂರ್ತಿಯಾಗಿ ಸುತ್ತಿ, ೭೭ ಅಡಿ ಮೇಲೇರಿ, ತಾನು ಹಿಂದೆ ಹಾದುಬಂದ ಸುರಂಗದ ಮೇಲೆಯೇ ಹಾದುಹೋಗುತ್ತದೆ. ಬಂಡಿಯು ನಾಲ್ಕು ಸಾವಿರ ಅಡಿಗಿಂತ ಉದ್ದವಾಗಿದ್ದರೆ ಅದರ ಎಂಜಿನು ತನ್ನ ಹಿಂಬದಿಯ ಡಬ್ಬಿಗಳನ್ನೇ ಮೇಲಿನಿಂದ ದಾಟುವ ವಿಚಿತ್ರವು ಕಾಣಬರುತ್ತದೆ. ಸ್ವಿಟ್ಜರ್ಲೆಂಡಿನ ಫಿಲಿಜೂರ್ ಊರಿನ ಬಳಿಯ ಲಾಂಡ್‌ವಾಸರ್ ಸೇತುವೆಯು ೧೯೦೨ರಲ್ಲಿ ಪೂರ್ಣವಾಯಿತು. ಆರು ಕಮಾನುಗಳು, ೬೫ ಮೀಟರು ಎತ್ತರ, ೧೩೬ ಮೀಟರು ಉದ್ದ. ಕಣಿವೆಯ ಮೇಲೆ ಬಾಗುತ್ತ ಬಂದ ದಾರಿಯು ಗೋಡೆಯಂತೆ ನೆಟ್ಟಗೆ ನಿಂತ ಬಂಡೆಯೊಳಗಣ ಸುರಂಗವನ್ನು ಒಮ್ಮೆಲೇ ಹೊಗುತ್ತದೆ. ಇದನ್ನು ಒಂದು ಸಲ ಚಿತ್ರದಲ್ಲಿ ಕಂಡವನು ಮರೆಯಲಾರನು.

ಈ ಮೂರರಲ್ಲಿಯೂ ಸಮಾನವಾದ ಧರ್ಮವೊಂದುಂಟು. ಅದು ವಕ್ರತೆ. ‘ವಕ್ರೋಕ್ತಿಜೀವಿತ’ವನ್ನು ಬರೆದ ಕುಂತಕನು ಕಾವ್ಯದ ಜೀವವನ್ನು ವಕ್ರತೆಯಲ್ಲಿ ಕಂಡನು; ಲೋಕವ್ಯವಹಾರದ ನೇರವಾದ ಮಾತನ್ನು ಬಿಟ್ಟು ಕವಿಯು ಬಾಗಿಸಿ ನುಡಿದಲ್ಲಿ ಚೆಲುವು ಹುಟ್ಟುತ್ತದೆಂಬುದು ಅವನ ಮತ. ರೈಲುದಾರಿಯಲ್ಲಿಯೂ ಹಾಗೆಯೇ. ಬಯಲಿನಲ್ಲಿ ನೇರವಾಗಿ ಹಾಯುವ ನೂರಾರು ಮೈಲಿಗಳನ್ನು ಯಾರೂ ಗುರುತಿಸುವುದಿಲ್ಲ. ಬಾಗಿದ ಅರ್ಧ ಮೈಲಿಯನ್ನು ಎಲ್ಲರೂ ಗುರುತಿಸುತ್ತಾರೆ. ನೇರವಾದ ದಾರಿಯಲ್ಲಿ ಎದುರಿಗೆ ಬರುವ ಎಂಜಿನಿನ ಮುಖವು ಮಾತ್ರ ಕಾಣುವುದು; ತಿರುವಿನಲ್ಲಿ ಬಂಡಿಯು ತನ್ನ ಸರ್ವಾಂಗವನ್ನೂ ತೋರಿಸುವುದು. ಆದರೆ ಒಂದು ಭೇದವನ್ನು ಮರೆಯಬಾರದು. ಕವಿಯ ವಕ್ರತೆಯು ಇಚ್ಛೆಯಿಂದ ಬಂದುದು, ಎಂಜಿನಿಯರನ ವಕ್ರತೆಯು ಅಗತ್ಯದಿಂದ ಬಂದುದು. ಉಕ್ಕಿನ ಕಂಬಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆಯಾದುದರಿಂದ ಕಡಿದಾದ ಏರನ್ನು ಅದು ಹತ್ತಲಾರದು. ಏರನ್ನು ತಗ್ಗಿಸಬೇಕಾದರೆ ದಾರಿಯನ್ನು ಉದ್ದವಾಗಿಸಬೇಕು. ಇಕ್ಕಟ್ಟಾದ ಕಣಿವೆಯಲ್ಲಿ ಉದ್ದವಾಗಿಸಬೇಕಾದರೆ ಬಾಗಿಸಲೇಬೇಕು. ಕ್ಷೇಮೇಂದ್ರನು ಔಚಿತ್ಯವೆಂದು ಕರೆದ ಗುಣವು ಇಲ್ಲಿ ಕಲ್ಲಿನಲ್ಲಿಯೂ ಮಣ್ಣಿನಲ್ಲಿಯೂ ಮೂರ್ತಿಭವಿಸಿರುತ್ತದೆ. ಅಲಂಕಾರಕ್ಕಾಗಿ ಮಾಡಿದ ಗೆರೆ ಅಲ್ಲಿ ಒಂದೂ ಇಲ್ಲ. ಆದುದರಿಂದಲೇ ಅದು ಅಲಂಕಾರವಾಗಿ ಪರಿಣಮಿಸಿತು.

ಇನ್ನು ಎರಡನೆಯ ಬಗೆಯ ಸ್ಥಳಗಳಿವೆ. ಅವುಗಳನ್ನು ಪ್ರಸಿದ್ಧಿಗೆ ತಂದವನು ಎಂಜಿನಿಯರನಲ್ಲ, ಛಾಯಾಚಿತ್ರಕಾರನು. ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆಯಲ್ಲಿ ವಿಕಾರಾಕೃತಿಯ ಬಂಡೆಗಳ ಮುಂದೆ ಬಾಗುವ ಒಂದು ತಿರುವಿಗೆ ‘ಸಲಿವನ್ ತಿರುವು’ ಎಂದು ಹೆಸರು. ೧೯೩೦ರ ದಶಕದಲ್ಲಿ ಹರ್ಬರ್ಟ್ ಸಲಿವನ್ ಎಂಬ ರೈಲುಪ್ರಿಯನು ಅಲ್ಲಿ ನಿಂತು ಚಿತ್ರಗಳನ್ನು ತೆಗೆದುದೇ ಅದಕ್ಕೆ ಕಾರಣ. ಕೆನಡಾದ ಬ್ಯಾನ್ಫ್ ವನಪ್ರದೇಶದಲ್ಲಿ ಬೋ ನದಿಯ ಅಂಚಿನಲ್ಲಿರುವ ‘ಮೊರಾಂಟ್ ತಿರುವು’ ಕೂಡ ಹಾಗೆಯೇ. ಕೆನೆಡಿಯನ್ ಪೆಸಿಫಿಕ್ ರೈಲ್ವೆಯ ಛಾಯಾಚಿತ್ರಕಾರನಾಗಿದ್ದ ನಿಕೊಲಸ್ ಮೊರಾಂಟನು ಹಿಂದೆ ಹಿಮದ ಬೆಟ್ಟ, ಮುಂದೆ ನದಿ, ನಡುವೆ ಬಂಡಿ ಬರುವಂತೆ ಅಲ್ಲಿ ತೆಗೆದ ಚಿತ್ರಗಳು ಕಂಪೆನಿಯ ಪ್ರಚಾರಕ್ಕೆ ಒದಗಿ ದೇಶದೇಶಗಳಲ್ಲಿ ಹರಡಿದುವು. ನೋಡಿದವನ ಹೆಸರೇ ನೋಟಕ್ಕೆ ಅಂಟಿಕೊಂಡುದು ಅಪೂರ್ವವಾದ ಗೌರವ. ಅವರಿಬ್ಬರೂ ತಮ್ಮ ಕಣ್ಣಿನಿಂದ ನೋಡಿದವರು; ಆದುದರಿಂದ ಅದಕ್ಕೆ ಅರ್ಹರು.

ದೋಷವು ಪ್ರಾರಂಭವಾಗುವುದು ಇವರ ಹಿಂದೆ ಬಂದವರಲ್ಲಿ. ಅವರು ಮೊರಾಂಟನ ಕಣ್ಣನ್ನು ಎರವಲು ತಂದವರು. ಅದೇ ದಿಬ್ಬ, ಅದೇ ಕೋನ, ಬಂಡಿಯು ಅದೇ ಜಾಗಕ್ಕೆ ಬರುವ ಅದೇ ಕ್ಷಣ. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಕವಿಸಮಯಗಳನ್ನು ವಿವರಿಸಿದ್ದಾನಷ್ಟೆ: ಕೀರ್ತಿ ಬೆಳ್ಳಗಿರಬೇಕು, ಚಕೋರವು ಬೆಳುದಿಂಗಳನ್ನು ಕುಡಿಯಬೇಕು. ಇವು ಮಹಾಕವಿಯ ಕೈಯಲ್ಲಿ ಸಲಕರಣೆಗಳು, ಅಲ್ಪಕವಿಯ ಕೈಯಲ್ಲಿ ಊರುಗೋಲುಗಳು. ರೈಲುದಾರಿಯ ಪ್ರಸಿದ್ಧ ಸ್ಥಳಗಳೂ ಇಂದು ಇಂತಹ ಸಮಯಗಳೇ ಆಗಿಬಿಟ್ಟಿವೆ. ಇಂತಹ ಚಿತ್ರಗಳ ಸಂಚಯವೊಂದನ್ನು ತಿರುವಿಹಾಕಿದರೆ ಎಂಜಿನಿನ ಬಣ್ಣವು ಬದಲಾಗಿರುವುದರ ಹೊರತು ಮತ್ತೇನೂ ಬದಲಾಗಿರುವುದಿಲ್ಲ.

ಇದಕ್ಕೆ ಪೂರ್ವಪಕ್ಷಿಯು ಹೀಗೆ ಹೇಳಬಹುದು: ಚಂದ್ರೋದಯವನ್ನು ಸಾವಿರ ಕವಿಗಳು ವರ್ಣಿಸಿದ್ದಾರೆ, ಅದೇ ಚಂದ್ರನೆಂದು ಅವರನ್ನು ಯಾರೂ ದೂಷಿಸುವುದಿಲ್ಲ, ಅದೇ ತಿರುವೆಂದು ಚಿತ್ರಕಾರನನ್ನು ಮಾತ್ರ ದೂಷಿಸುವುದು ನ್ಯಾಯವೇ? ಸಮಾಧಾನವೇನೆಂದರೆ, ವಸ್ತುವು ಒಂದೇ ಆಗಿರುವುದು ದೋಷವಲ್ಲ, ದೃಷ್ಟಿಯು ಒಂದೇ ಆಗಿರುವುದು ದೋಷ. ಕ್ಲೋದ್ ಮೊನೆ ಎಂಬ ಫ್ರೆಂಚ್ ಚಿತ್ರಕಾರನು ೧೮೭೭ರಲ್ಲಿ ಪ್ಯಾರಿಸ್ಸಿನ ಸ್ಯಾಂ ಲಜಾರ್ ನಿಲ್ದಾಣವೊಂದನ್ನೇ ಹನ್ನೆರಡು ಸಲ ಚಿತ್ರಿಸಿದನು. ಒಂದರಲ್ಲಿ ಗಾಜಿನ ಮಾಡಿನ ಕೆಳಗೆ ನೀಲಿಯ ಹೊಗೆ ತುಂಬಿದೆ. ಇನ್ನೊಂದರಲ್ಲಿ ಮಾಡಿನ ಆಚೆಯ ಕಂಬಿಗಳು ಬಿಸಿಲಿನಲ್ಲಿವೆ. ಮತ್ತೊಂದರಲ್ಲಿ ಸಿಗ್ನಲಿನ ದುಂಡನೆಯ ತಟ್ಟೆಯು ಎಲ್ಲವನ್ನೂ ಮರೆಮಾಡಿಕೊಂಡು ಮುಂದೆ ನಿಂತಿದೆ. ಸ್ಥಳ ಒಂದು, ನೋಟ ಹನ್ನೆರಡು. ಅವನಿಗಿಂತ ಮುಂಚೆ, ೧೮೪೪ರಲ್ಲಿ, ಇಂಗ್ಲೆಂಡಿನ ಟರ್ನರನು ‘ಮಳೆ, ಉಗಿ, ವೇಗ’ ಎಂಬ ಚಿತ್ರವನ್ನು ಪ್ರದರ್ಶಿಸಿದನು. ಅದರಲ್ಲಿರುವುದು ಥೇಮ್ಸ್ ನದಿಯ ಮೇಲೆ ಬ್ರುನೆಲನು ಮೇಡನ್‌ಹೆಡ್ಡಿನಲ್ಲಿ ಕಟ್ಟಿಸಿದ ಇಟ್ಟಿಗೆಯ ಸೇತುವೆ ಎಂದು ಹೇಳುತ್ತಾರೆ. ಆದರೆ ಸೇತುವೆಯು ಮಳೆಯಲ್ಲಿ ಕರಗಿಹೋಗಿದೆ. ಎಂಜಿನಿನ ಕರಿಯ ಕೊಳವೆ, ಅದರ ಮುಂದೆ ಪ್ರಾಣಭಯದಿಂದ ಓಡುವ, ಈಗ ಮಸುಕಾಗಿಹೋಗಿರುವ ಒಂದು ಮೊಲ, ಕೆಳಗೆ ನದಿಯಲ್ಲಿ ಒಂದು ದೋಣಿ, ದೂರದಲ್ಲಿ ನೇಗಿಲು ಹಿಡಿದ ಒಬ್ಬನು, ಇಷ್ಟೇ. ಸ್ಥಳದ ಗುರುತು ಹತ್ತದಿದ್ದರೂ ರಸಕ್ಕೆ ಹಾನಿಯಿಲ್ಲ. ಹತ್ತಿದರೆ ಅದು ಮೇಲಣ ಲಾಭ. ಉತ್ತಮಚಿತ್ರಕ್ಕೂ ಮಧ್ಯಮಚಿತ್ರಕ್ಕೂ ಇರುವ ಗೆರೆಯನ್ನು ಇಲ್ಲಿ ಎಳೆಯಬಹುದು.

ಛಾಯಾಚಿತ್ರದಲ್ಲಿ ಇದು ಸಾಧ್ಯವಿಲ್ಲವೆಂಬ ಮಾತೂ ನಿಲ್ಲುವುದಿಲ್ಲ. ಅಮೆರಿಕದ ಓ. ವಿನ್‌ಸ್ಟನ್ ಲಿಂಕನು ೧೯೫೫ರಿಂದ ೧೯೬೦ರ ವರೆಗೆ, ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯಲ್ಲಿ ಉಗಿಯೆಂಜಿನುಗಳ ಕೊನೆಗಾಲವನ್ನು ಚಿತ್ರಿಸಿದನು. ಪ್ರಸಿದ್ಧ ತಿರುವುಗಳನ್ನು ಅರಸಿ ಹೋಗದೆ ಮನೆಯ ಅಂಗಳ, ಅಂಗಡಿ, ಈಜುವ ಮಡು ಇವುಗಳ ಪಕ್ಕದಲ್ಲಿ ಹಾದುಹೋಗುವ ಬಂಡಿಯನ್ನು, ರಾತ್ರಿಯಲ್ಲಿ, ತಾನೇ ಅಣಿಮಾಡಿದ ಮಿಂಚುದೀಪಗಳ ಬೆಳಕಿನಲ್ಲಿ ಹಿಡಿದನು. ೧೯೫೬ರಲ್ಲಿ ಪಶ್ಚಿಮ ವರ್ಜೀನಿಯಾದ ಈಗರ್ ಎಂಬಲ್ಲಿ ತೆಗೆದ ಚಿತ್ರವು ಪ್ರಸಿದ್ಧವಾದುದು: ಬಯಲು ಸಿನಿಮಾದಲ್ಲಿ ಕಾರಿನೊಳಗೆ ಕುಳಿತ ತರುಣ ತರುಣಿಯರು ಪರದೆಯ ಮೇಲಿನ ವಿಮಾನವನ್ನು ನೋಡುತ್ತಿದ್ದಾರೆ, ಹಿಂದೆ ಬಿಳಿಯ ಹೊಗೆಯನ್ನು ಕಾರುತ್ತ ಓಡುವ ಉಗಿಬಂಡಿಯನ್ನು ಅವರು ನೋಡುತ್ತಿಲ್ಲ. ಮಿಂಚುಬೆಳಕಿನಲ್ಲಿ ಪರದೆಯು ಬಿಳಿಚಿಹೋದುದರಿಂದ ವಿಮಾನದ ಚಿತ್ರವನ್ನು ಅನಂತರ ಕೂಡಿಸಲಾಯಿತು. ಇದನ್ನು ಮೋಸವೆನ್ನುವುದಕ್ಕಿಂತ ಕವಿಕರ್ಮವೆನ್ನುವುದು ಯುಕ್ತ. ಒಂದು ಯುಗವು ಮುಗಿಯಿತೆಂಬ ಮಾತನ್ನು ಚಿತ್ರವು ಆಡುವುದಿಲ್ಲ, ಧ್ವನಿಸುತ್ತದೆ. ಈಗರ್ ಎಂಬ ಊರನ್ನು ಅದಕ್ಕೆ ಮೊದಲು ಯಾವ ರೈಲುಪ್ರಿಯನೂ ಚಿತ್ರದಿಂದ ಗುರುತಿಸುತ್ತಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಮೂರನೆಯ ಬಗೆಯ ಪ್ರಸಿದ್ಧಿಯು ಕಥೆಯಿಂದ ಬಂದುದು. ಸ್ಕಾಟ್ಲೆಂಡಿನ ಗ್ಲೆನ್‌ಫಿನ್ನನ್ ಸೇತುವೆಯು ಇಪ್ಪತ್ತೊಂದು ಕಮಾನುಗಳದು. ಅದರ ದಾರಿಯು ೧೯೦೧ರಲ್ಲಿ ತೆರೆಯಿತು. ಉಕ್ಕಿನ ಸರಳುಗಳನ್ನು ಸೇರಿಸದೆ ಬರಿಯ ಕಾಂಕ್ರೀಟಿನಿಂದ ರಾಬರ್ಟ್ ಮ್ಯಾಕ್ಆಲ್ಪೈನನು ಅದನ್ನು ಕಟ್ಟಿಸಿದುದು ಅಂದಿಗೆ ಸಾಹಸವಾಗಿತ್ತು. ೨೦೦೨ರಲ್ಲಿ ಹ್ಯಾರಿ ಪಾಟರನ ಚಲಚ್ಚಿತ್ರದಲ್ಲಿ ಅದು ಕಾಣಿಸಿಕೊಂಡ ಮೇಲೆ, ಅಲ್ಲಿಗೆ ಬರುವ ಜನರು ಮಾಯಾವಿದ್ಯಾಶಾಲೆಯ ಬಂಡಿಯನ್ನು ನೋಡುತ್ತಾರೆ; ಸೇತುವೆಯನ್ನು ನೋಡುವವರು ಕಡಿಮೆ. ಕರ್ಣಾಟಕದ ಗಡಿಯಲ್ಲಿಯೂ ಇದಕ್ಕೆ ಉದಾಹರಣೆಯುಂಟು. ಉತ್ತರ ಕನ್ನಡ ಜಿಲ್ಲೆಯ ಕ್ಯಾಸಲ್‌ರಾಕಿನಿಂದ ಗೋವೆಯ ಕುಳೆಗೆ ಇಳಿಯುವ ಘಟ್ಟದಲ್ಲಿ ದೂಧಸಾಗರದ ಜಲಪಾತವನ್ನು ಬಂಡಿಯು ನಡುಮಟ್ಟದಲ್ಲಿ ದಾಟುತ್ತದೆ. ೨೦೧೩ರ ‘ಚೆನ್ನೈ ಎಕ್ಸ್‌ಪ್ರೆಸ್’ ಎಂಬ ಹಿಂದಿ ಚಲಚ್ಚಿತ್ರದಿಂದ ಅದರ ಖ್ಯಾತಿಯು ಇಮ್ಮಡಿಸಿತು. ಮಳೆಗಾಲದ ಬಿಳಿಯ ನೀರು, ಅದರ ಮುಂದೆ ಬಂಡಿ, ಈ ಚಿತ್ರವನ್ನು ಕಾಣದ ಮನೆಯಿಲ್ಲ. ಆದರೆ ಮರ್ಮಗೋವಾ ಬಂದರನ್ನು ಘಟ್ಟದ ಮೇಲಣ ಸೀಮೆಗೆ ಸೇರಿಸುವುದಕ್ಕಾಗಿ ೧೮೮೦ರ ದಶಕದಲ್ಲಿ ಈ ದಾರಿಯನ್ನು ಕಡಿದರೆಂಬುದನ್ನೂ, ೩೭ ಅಡಿಗೆ ಒಂದು ಅಡಿಯ ಆ ಏರಿನಲ್ಲಿ ಬಂಡಿಗೆ ಹೆಚ್ಚಿನ ಎಂಜಿನುಗಳನ್ನು ಕಟ್ಟಿ ನೂಕಬೇಕೆಂಬುದನ್ನೂ ಆ ಚಿತ್ರವು ಹೇಳುವುದಿಲ್ಲ. ನೀರು ಕಂಡಿತು, ಏರು ಕಾಣಲಿಲ್ಲ.

ಕಾಣದೆ ಹೋದುದು ಏರು ಮಾತ್ರವಲ್ಲ, ಕೈಗಳೂ ಕಾಣಲಿಲ್ಲ. ಕುದುರೆಲಾಳದ ತಿರುವನ್ನು ಗುದ್ದಲಿ ಸಲಿಕೆಗಳಿಂದಲೂ ಕರಿಮದ್ದಿನಿಂದಲೂ ಕಡಿದವರು ಬಹುಮಟ್ಟಿಗೆ ಐರ್ಲೆಂಡಿನಿಂದ ಬಂದ ಬಡವರು. ಟೆಹಾಚಪಿಯಲ್ಲಿ ದುಡಿದವರಲ್ಲಿ ಬಹುಪಾಲು ಚೀಣಿಯರು. ಇಂಗ್ಲೆಂಡಿನ ರಿಬಲ್‌ಹೆಡ್ಡಿನಲ್ಲಿ ಇಪ್ಪತ್ತನಾಲ್ಕು ಕಮಾನುಗಳ ಸೇತುವೆಯನ್ನು ೧೮೭೦ರಿಂದ ಕಟ್ಟತೊಡಗಿದಾಗ ಕೂಲಿಗಾರರು ಹೆಂಡಿರುಮಕ್ಕಳೊಡನೆ ಆ ಜೌಗುನೆಲದಲ್ಲಿ ಗುಡಿಸಲು ಹಾಕಿಕೊಂಡು ಬಾಳಿದರು. ಅಪಘಾತದಿಂದಲೂ ಸಿಡುಬಿನಿಂದಲೂ ಸತ್ತ ಅವರಲ್ಲಿ ಅನೇಕರನ್ನು ಹತ್ತಿರದ ಚಾಪೆಲ್-ಲೆ-ಡೇಲ್ ಇಗರ್ಜಿಯ ಅಂಗಳದಲ್ಲಿ ಹೂಳಿದ್ದಾರೆ. ಕಮಾನುಗಳನ್ನು ಎಣಿಸಬಲ್ಲವನು ಆ ಸಮಾಧಿಗಳನ್ನೂ ನೆನೆಯದಿದ್ದರೆ ಅವನ ಅಭಿಜ್ಞಾನವು ಅಪೂರ್ಣ.

ಇಷ್ಟಾದರೂ ಗುರುತಿಸುವಿಕೆಯನ್ನು ತುಚ್ಛೀಕರಿಸತಕ್ಕುದಲ್ಲ. ಅದರಿಂದ ಆದ ಉಪಕಾರವು ದೊಡ್ಡದು. ಲಂಡನ್ನಿನ ಯೂಸ್ಟನ್ ನಿಲ್ದಾಣದ ಮುಂದೆ ೧೮೩೭ರಲ್ಲಿ ಎದ್ದ ಕಲ್ಲಿನ ಮಹಾದ್ವಾರವನ್ನು, ಕವಿ ಬೆಟ್ಜಮನ್ ಮೊದಲಾದವರು ವಿರೋಧಿಸಿದರೂ ಲೆಕ್ಕಿಸದೆ, ೧೯೬೧–೬೨ರಲ್ಲಿ ಕೆಡವಿಹಾಕಿದರು. ಆದರೆ ರಿಬಲ್‌ಹೆಡ್ ಸೇತುವೆಯ ದುರಸ್ತಿಗೆ ವೆಚ್ಚ ಹೆಚ್ಚೆಂದು ಆ ದಾರಿಯನ್ನೇ ಮುಚ್ಚಹೊರಟಾಗ, ಇಪ್ಪತ್ತೆರಡು ಸಾವಿರಕ್ಕಿಂತ ಹೆಚ್ಚು ಆಕ್ಷೇಪಣೆಗಳು ಬಂದುವು. ಅವುಗಳಲ್ಲಿ ಒಂದು ನಾಯಿಯ ಪಂಜದ ಮುದ್ರೆಯೊಡನೆ ಬಂದುದು. ೧೯೮೯ರಲ್ಲಿ ಸರಕಾರವು ಮುಚ್ಚುವುದಕ್ಕೆ ಅನುಮತಿಯನ್ನು ನಿರಾಕರಿಸಿತು. ಜನರು ಗುರುತಿಸಿದುದೆಲ್ಲ ಉಳಿಯುವುದಿಲ್ಲ. ಆದರೆ ಗುರುತಿಸದೆ ಇದ್ದುದು ಉಳಿಯುವುದು ಇನ್ನೂ ಕಷ್ಟ.

ಆದುದರಿಂದ ಸಿದ್ಧಾಂತವು ಹೀಗೆ. ಅಭಿಜ್ಞಾನವು ರಸವಲ್ಲ, ರಸದ ಬಾಗಿಲು. ಕಾಳಿದಾಸನ ನಾಟಕದಲ್ಲಿ ದುಷ್ಯಂತನು ಉಂಗುರವನ್ನು ಕಂಡಾಗ ಅವನಿಗೆ ನೆನಪಾದುದು ಉಂಗುರವಲ್ಲ, ಶಕುಂತಲೆ; ನೆನಪಿನೊಡನೆ ಪಶ್ಚಾತ್ತಾಪವೂ ಬಂದಿತು. ಉಂಗುರವನ್ನು ನೋಡಿ ಇದು ಇಂತಹ ಉಂಗುರವೆಂದು ಹೇಳಿ ಸುಮ್ಮನಾಗುವವನು ಅಕ್ಕಸಾಲಿಗನಾದಾನು, ದುಷ್ಯಂತನಾಗಲಾರನು. ತಿರುವನ್ನು ಕಂಡು ಬೆಟ್ಟದ ಏರನ್ನು, ಏರನ್ನು ಕಂಡು ಎಂಜಿನಿಯರನ ಬುದ್ಧಿಯನ್ನು, ಅದರ ಹಿಂದೆ ಗುದ್ದಲಿ ಹಿಡಿದ ಕೈಗಳನ್ನು ನೆನೆಯಬಲ್ಲವನೇ ಸಹೃದಯನು. ಅಂತಹವನಿಗೆ ಪ್ರಸಿದ್ಧಸ್ಥಳದ ನೂರನೆಯ ಚಿತ್ರವೂ ಹಳತಾಗದು. ಮೇಲಾಗಿ, ಯಾರೂ ಹೆಸರಿಡದ ಒಂದು ಸಣ್ಣ ನಿಲ್ದಾಣದ ಬಳಿಯ ತಿರುವನ್ನು ನೋಡುವ ಕಣ್ಣೂ ಅವನಿಗೆ ತಾನಾಗಿಯೇ ಬಂದೀತು.